ಇಳಿವಯಸ್ಸಿನ ಬರವಣಿಗೆ: ಅದನ್ನು ಅಳೆಯುವ ಬಗೆ

1

ನಮ್ಮ ಸಾಹಿತ್ಯ ವಿಮರ್ಶೆಯು ತರುಣರ ವಿಷಯದಲ್ಲಿ ತೋರುವ ಎಚ್ಚರವನ್ನು ಹಿರಿಯರ ವಿಷಯದಲ್ಲಿ ತೋರುವುದಿಲ್ಲ. ಹೊಸ ಕವಿಯೊಬ್ಬನ ಮೊದಲ ಸಂಕಲನ ಬಂದರೆ ಅದರ ಗುಣದೋಷಗಳನ್ನು ಸಾಲುಸಾಲಾಗಿ ಎತ್ತಿ ತೋರಿಸುವ ವಿಮರ್ಶಕನು, ಎಪ್ಪತ್ತು ದಾಟಿದವರ ಗ್ರಂಥ ಕೈಗೆ ಬಂದಾಗ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾನೆ. ಈ ವಯಸ್ಸಿನಲ್ಲಿಯೂ ಇಷ್ಟು ಉತ್ಸಾಹವೆ ಎಂದು ಬೆರಗಾಗುತ್ತಾನೆ. ಇಲ್ಲವೆ ಹಿರಿಯರ ಬಗ್ಗೆ ಕಠಿಣವಾಗಿ ಆಡುವುದು ಸಲ್ಲದೆಂದು ಸುಮ್ಮನಾಗುತ್ತಾನೆ. ಎರಡೂ ಗೌರವದಂತೆ ಕಂಡರೂ ಎರಡರಲ್ಲಿಯೂ ಗ್ರಂಥದ ಬದಲು ಗ್ರಂಥಕರ್ತನ ವಯಸ್ಸನ್ನು ಓದಿದಂತಾಗುತ್ತದೆ. ಇಳಿವಯಸ್ಸಿನ ಬರವಣಿಗೆಗೆ ತಕ್ಕ ಅಳತೆ ಯಾವುದೆಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲಾಗಿದೆ.

ನಿವೃತ್ತಿಯನ್ನು ವಾನಪ್ರಸ್ಥಕ್ಕೆ ಹೋಲಿಸುವುದು ನಮ್ಮಲ್ಲಿ ರೂಢಿ. ಬೀಳ್ಕೊಡುಗೆಯ ಸಭೆಗಳಲ್ಲಿ ಈ ಮಾತು ತಪ್ಪದೆ ಕೇಳಿಬರುತ್ತದೆ. ಆದರೆ ಹೋಲಿಕೆ ಸರಿಯಾಗಿ ಕೂಡುವುದಿಲ್ಲ. ಮನುಸ್ಮೃತಿಯು ವಾನಪ್ರಸ್ಥಕ್ಕೆ ಇಷ್ಟನೆಯ ವರ್ಷವೆಂದು ಗೊತ್ತುಮಾಡದೆ ಮೈಯ ಸುಕ್ಕು, ತಲೆಯ ನರೆ, ಮೊಮ್ಮಗುವಿನ ಮುಖದರ್ಶನ ಎಂಬ ಗುರುತುಗಳನ್ನು ಹೇಳಿತು. ಇಂದಿನ ನಿವೃತ್ತಿಯಾದರೋ ಸೇವಾಪುಸ್ತಕದಲ್ಲಿ ಬರೆದಿರುವ ಜನ್ಮದಿನಾಂಕದಿಂದ ಬರುತ್ತದೆ. ಅದರ ಗಡಿಯೂ ಸ್ಥಿರವಲ್ಲ. ಕೇಂದ್ರ ಸರ್ಕಾರದ ನೌಕರರಿಗೆ 55 ಇದ್ದ ವಯೋಮಿತಿ 1962ರಲ್ಲಿ 58 ಆಯಿತು. 1998ರಲ್ಲಿ 60 ಆಯಿತು. ಒಂದು ಆಜ್ಞೆಯಿಂದ ಹಿಂದೆ ಮುಂದೆ ಸರಿಯುವ ಈ ಗೆರೆಯನ್ನು ದೇಹಬುದ್ಧಿಗಳ ಅವಸ್ಥೆಯೆಂದು ಭಾವಿಸಲಾಗದು. ವಾನಪ್ರಸ್ಥನು ಮನೆಯನ್ನು ತಾನೇ ಬಿಡುತ್ತಾನೆ. ನಿವೃತ್ತನನ್ನು ಹುದ್ದೆಯೇ ಬಿಟ್ಟುಹೋಗುತ್ತದೆ. ಅವನಲ್ಲಿ ಉಳಿಯುವುವು ನಿವೃತ್ತಿವೇತನ, ಬಿಡುವು ಮತ್ತು ಮೂವತ್ತು ಮೂವತ್ತೈದು ವರ್ಷಗಳ ಅನುಭವ. ಹೊಸಗನ್ನಡ ಗದ್ಯದ ಗಣನೀಯವಾದ ಒಂದು ಭಾಗವು ಈ ಮೂರರ ಕೂಟದಿಂದ ಹುಟ್ಟಿದ್ದರೂ ಅದನ್ನು ಒಂದು ವರ್ಗವೆಂದು ನಾವು ವಿಮರ್ಶೆಗೆ ತೆಗೆದುಕೊಂಡುದು ಕಡಮೆ.

ಬ್ಯಾಂಕಿನ ಕೆಲಸದಲ್ಲಿ ಒಂದು ಪದ್ಧತಿಯುಂಟು. ಶಾಖೆಯ ಅಧಿಕಾರಿ ವರ್ಗವಾದಾಗಲಾಗಲಿ ನಿವೃತ್ತನಾದಾಗಲಾಗಲಿ ತನ್ನ ಸ್ಥಾನಕ್ಕೆ ಬರುವವನಿಗೆ ಚಾರ್ಜು ಒಪ್ಪಿಸಬೇಕು. ತಿಜೋರಿಯ ಬೀಗದಕೈ, ನಗದಿನ ಶಿಲ್ಕು, ಅಡವಿನ ಪತ್ರಗಳು ಇವುಗಳ ಲೆಕ್ಕ ಒಪ್ಪಿಸುವುದು ಸುಲಭ. ಅದರ ಜೊತೆಗೆ ಬಾಕಿ ಉಳಿದ ಕೆಲಸಗಳ ಪಟ್ಟಿಯನ್ನೂ ಕೊಡಬೇಕಾಗುತ್ತದೆ: ಯಾವ ಸಾಲ ವಸೂಲಾಗಿಲ್ಲ, ಯಾವ ಲೆಕ್ಕ ತಾಳೆಯಾಗಿಲ್ಲ, ಯಾವ ಗಿರಾಕಿಗೆ ಕೊಟ್ಟ ಮಾತು ಇನ್ನೂ ನಡೆದಿಲ್ಲ ಎಂಬುದು. ಅಧಿಕಾರಿಯ ಯೋಗ್ಯತೆ ಈ ಎರಡನೆಯ ಪಟ್ಟಿಯಲ್ಲಿ ತಿಳಿಯುತ್ತದೆ. ನಿವೃತ್ತರ ಬರವಣಿಗೆಗೂ ಇದೇ ಪ್ರಶ್ನೆಯನ್ನು ಹಾಕಬಹುದೆಂದು ತೋರುತ್ತದೆ. ಅದರಲ್ಲಿರುವುದು ಬರಿಯ ಜಮೆಯ ಪಟ್ಟಿಯೆ, ಬಾಕಿಯ ಪಟ್ಟಿಯೂ ಇದೆಯೆ? ಮುಂದೆ ಬರುವವನು ಅದನ್ನು ಹಿಡಿದು ಕೆಲಸವನ್ನು ಮುಂದುವರಿಸಬಲ್ಲನೆ?

2

ಈ ಅಳತೆಗೆ ಮೊದಲು ನೆನಪಾಗುವವರು ಆರ್. ನರಸಿಂಹಾಚಾರ್ಯರು. 1860ರಲ್ಲಿ ಹುಟ್ಟಿದ ಅವರು ಮೈಸೂರು ಸಂಸ್ಥಾನದ ಪ್ರಾಕ್ತನ ಸಂಶೋಧನ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದು 1922ರಲ್ಲಿ ನಿವೃತ್ತರಾದರು. ಎಸ್. ಜಿ. ನರಸಿಂಹಾಚಾರ್ಯರೊಡನೆ ಸಿದ್ಧಪಡಿಸಿದ 'ಕರ್ಣಾಟಕ ಕವಿಚರಿತೆ'ಯ ಮೊದಲ ಸಂಪುಟ 1907ರಲ್ಲಿ ಬಂದಿತ್ತು; ಎರಡನೆಯದು 1919ರಲ್ಲಿ. ಕೀರ್ತಿಗೆ ಇವೆರಡೇ ಸಾಕಾಗಿದ್ದುವು. ಮೂರನೆಯ ಸಂಪುಟ ಇನ್ನೂ ಬಾಕಿಯಿತ್ತು. ಬಿಡುವು ಸಿಕ್ಕಿದೊಡನೆ ಅದಕ್ಕೆ ಕೈಹಾಕುವುದು ಸಹಜವಾಗುತ್ತಿತ್ತು. ಆದರೆ ಅದಕ್ಕೆ ಮೊದಲು ಹೊರಬಂದುದು 1907ರ ಮೊದಲ ಸಂಪುಟದ ಪರಿಷ್ಕೃತ ರೂಪ, 1924ರಲ್ಲಿ. ಮೂರನೆಯ ಸಂಪುಟ ಪ್ರಕಟವಾದುದು 1929ರಲ್ಲಿ; ಅವರು ಆಗ ಎಪ್ಪತ್ತರ ಹೊಸ್ತಿಲಲ್ಲಿದ್ದರು.

ಈ ಕ್ರಮವೇ ಒಂದು ವಿಮರ್ಶೆಯ ವಸ್ತು. ಹೊಸದನ್ನು ಕೂಡಿಸುವುದಕ್ಕೆ ಮೊದಲು ಹಳೆಯದನ್ನು ತಿದ್ದಬೇಕೆಂಬ ಬುದ್ಧಿ, ಪ್ರಶಂಸೆಯನ್ನು ಬಯಸುವ ಮನಸ್ಸಿನಲ್ಲಿ ಸುಲಭವಾಗಿ ಹುಟ್ಟುವುದಿಲ್ಲ. ಮೂರನೆಯ ಸಂಪುಟವಾದರೂ ಓದುಗರನ್ನು ಸೆಳೆಯುವಂಥದಲ್ಲ. ಪಂಪ ರನ್ನರ ಕಾಲ ಮೊದಲ ಸಂಪುಟದಲ್ಲಿಯೇ ಮುಗಿದಿತ್ತು. ಇಲ್ಲಿ ಬರುವವರು ಈಚಿನ ಶತಮಾನಗಳವರು, ಅನೇಕರು ಸಾಮಾನ್ಯರು. ಅವರ ಕಾಲ, ಕುಲ, ಆಶ್ರಯ, ಗ್ರಂಥ, ಮಾದರಿಯ ಪದ್ಯ ಇವನ್ನು ಒಂದೇ ಕ್ರಮದಲ್ಲಿ ನಮೂದಿಸುತ್ತ ಹೋಗುವುದನ್ನು ನೋಡಿದರೆ ಕಚೇರಿಯ ದಾಖಲೆಪುಸ್ತಕ ನೆನಪಾಗುತ್ತದೆ. ಕವಿಚರಿತೆಯಲ್ಲಿ ರಸವಿಮರ್ಶೆ ಅಲ್ಪವೆಂಬ ಆಕ್ಷೇಪಣೆ ನ್ಯಾಯವಾದುದೇ. ಆದರೆ ಆಧಾರವನ್ನು ಮುಚ್ಚಿಡದೆ ಮುಂದಿಟ್ಟಿರುವುದರಿಂದ, ಅವರ ಕಾಲನಿರ್ಣಯಗಳನ್ನು ಒಪ್ಪದ ವಿದ್ವಾಂಸರು ಕೂಡ ಅವರ ಗ್ರಂಥದಿಂದಲೇ ಹೊರಡಬೇಕಾಯಿತು. ತನ್ನನ್ನು ಮುಂದಿನವರು ತಿದ್ದಲು ಅನುಕೂಲವಾಗುವಂತೆ ಬರೆದುದೇ ಈ ಗ್ರಂಥದ ಹಿರಿಮೆ.

ಇದಕ್ಕೆ ಹತ್ತಿರದ ಇನ್ನೊಂದು ಉದಾಹರಣೆ ಜಿ. ವೆಂಕಟಸುಬ್ಬಯ್ಯನವರದು. 1913ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡ ಅವರು 1973ರಲ್ಲಿ ಕಾಲೇಜಿನ ಕೆಲಸದಿಂದ ನಿವೃತ್ತರಾದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ಪ್ರಧಾನ ಸಂಪಾದಕರಾಗಿ ದುಡಿದರು. 1991ರಲ್ಲಿ, ಎಪ್ಪತ್ತೆಂಟರ ಸುಮಾರಿನಲ್ಲಿ, 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಅಂಕಣವನ್ನು ಆರಂಭಿಸಿದರು. ಅವರ ದೀರ್ಘಾಯುಸ್ಸನ್ನು ಕುರಿತು ಬಂದಷ್ಟು ಬರಹಗಳು ಆ ಅಂಕಣದ ಸ್ವರೂಪವನ್ನು ಕುರಿತು ಬರಲಿಲ್ಲ. ಅದರಲ್ಲಿ ವಸ್ತುವನ್ನು ಆರಿಸಿದವನು ಓದುಗ. ಲೇಖಕನು ಉತ್ತರ ಕೊಡುವವನು ಮಾತ್ರ. ಶಾಲೆಯ ಉಪಾಧ್ಯಾಯನು ಕೇಳಿದ ಒಂದು ಪದದ ಅರ್ಥಕ್ಕೂ ದೊಡ್ಡ ವಿದ್ವಾಂಸನ ಸಂದೇಹಕ್ಕೂ ಅಲ್ಲಿ ಒಂದೇ ಪಂಕ್ತಿ. ಜೀವಮಾನದ ಪಾಂಡಿತ್ಯವನ್ನು ಇನ್ನೊಬ್ಬರ ಪ್ರಶ್ನೆಗೆ ಅಧೀನಗೊಳಿಸುವ ಈ ವಿನಯವನ್ನು ಒಂದು ಸಾಹಿತ್ಯ ರೂಪವೆಂದೇ ಪರಿಗಣಿಸಬೇಕು.

3

ನಿವೃತ್ತರು ಹೆಚ್ಚಾಗಿ ಒಲಿಯುವುದು ನೆನಪಿನ ಬರಹಕ್ಕೆ. ಜಮೆಯ ಪಟ್ಟಿ ಅತಿಯಾಗಿ ಬೆಳೆಯುವುದೂ ಅಲ್ಲಿಯೇ.

ಸರ್ ಎಂ. ವಿಶ್ವೇಶ್ವರಯ್ಯನವರು ತಮ್ಮ ಕಾರ್ಯಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ 1951ರಲ್ಲಿ ಪ್ರಕಟಿಸಿದಾಗ ತೊಂಬತ್ತರ ಪ್ರಾಯದಲ್ಲಿದ್ದರು. ಅವರ ನಿವೃತ್ತಿಯ ವೃತ್ತಾಂತ ಪುಣೆ ಹೈದರಾಬಾದುಗಳ ಕನ್ನಡಿಗರಿಗೆ ಅಪರಿಚಿತವಲ್ಲ. ಪುಣೆಯ ಬಳಿ ಖಡಕ್‌ವಾಸಲೆಯ ಕೆರೆಗೆ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದ ಅವರು ಇನ್ನೂ ಐವತ್ತು ತುಂಬುವ ಮೊದಲೇ ಮುಂಬಯಿ ಸರ್ಕಾರದ ಸೇವೆಯನ್ನು ಬಿಟ್ಟರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಮಹಾಪೂರದಿಂದ ಹೈದರಾಬಾದು ಹಾಳಾದಾಗ ಅಲ್ಲಿಂದ ಅವರಿಗೆ ಕರೆ ಬಂದಿತು. 1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರ್ ಆದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಹೀಗೆ ಅವರ ಹೆಸರಿನೊಡನೆ ಕನ್ನಡಿಗರು ನೆನೆಯುವ ಕೆಲಸಗಳ ಬಹುಭಾಗ ನಡೆದುದು ಮೊದಲ ನಿವೃತ್ತಿಯ ಅನಂತರ. ಗ್ರಂಥವಾಗಿ ನೋಡಿದರೆ, ಅದರಲ್ಲಿ ವ್ಯಕ್ತಿಯ ಅಂತರಂಗಕ್ಕೆ ಅವಕಾಶ ಕಡಮೆ, ಕೆಲಸಕ್ಕೆ ಹೆಚ್ಚು. ಇದನ್ನು ಶುಷ್ಕತೆಯೆಂದು ಕರೆಯುವವರಿದ್ದಾರೆ. ಹೃದಯವನ್ನು ಬಯಸಿ ಬಂದ ಓದುಗನಿಗೆ ಅದು ಶುಷ್ಕವೇ. ಚಾರ್ಜು ವಹಿಸಿಕೊಳ್ಳಲು ಬಂದವನಿಗೆ ಅಲ್ಲ.

ನವರತ್ನ ರಾಮರಾಯರ 'ಕೆಲವು ನೆನಪುಗಳು' (1954) ಇದಕ್ಕೆ ಪ್ರತಿಯಾದ ಗುಣವುಳ್ಳದ್ದು. ಮೈಸೂರು ಸರ್ಕಾರದಲ್ಲಿ ಅಮಲ್ದಾರರಾಗಿದ್ದು ಮೇಲಿನ ಹುದ್ದೆಗಳಿಗೆ ಏರಿದ ಅವರು ಅದನ್ನು ಪ್ರಕಟಿಸಿದುದು ಎಪ್ಪತ್ತು ದಾಟಿದ ಮೇಲೆ. ಶೀರ್ಷಿಕೆಯ 'ಕೆಲವು' ಎಂಬ ಮಾತು ಪುಸ್ತಕದ ಸ್ವಭಾವವನ್ನು ತಿಳಿಸುತ್ತದೆ. ತಮ್ಮ ಜೀವನವನ್ನು ಜನನದಿಂದ ಬಿರುದಿನವರೆಗೆ ಜೋಡಿಸುವ ಹಟ ಅಲ್ಲಿಲ್ಲ. ಅಧಿಕಾರದಲ್ಲಿದ್ದವನು ಹಳ್ಳಿಯ ಜನರನ್ನು ಎಷ್ಟು ಹತ್ತಿರದಿಂದ ಕಾಣಬಲ್ಲನು, ಆಜ್ಞೆ ಎಲ್ಲಿ ನಡೆಯುತ್ತದೆ, ಎಲ್ಲಿ ನಗೆಗೀಡಾಗುತ್ತದೆ ಎಂಬುದನ್ನು ಹದವಾದ ಹಾಸ್ಯದಿಂದ ಹೇಳುತ್ತಾರೆ. ಆ ಕಾಲದ ಕಾಗದಪತ್ರಗಳಲ್ಲಿ ಸಿಗುವುದು ಆಡಳಿತದ ತೀರ್ಮಾನ. ಆ ತೀರ್ಮಾನದ ಎದುರು ನಿಂತಿದ್ದ ಮನುಷ್ಯನ ಮುಖ ಸಿಗಬೇಕಾದರೆ ಇಂಥ ಪುಸ್ತಕವೇ ಬೇಕು.

ಡಿ. ವಿ. ಗುಂಡಪ್ಪನವರ 'ಜ್ಞಾಪಕ ಚಿತ್ರಶಾಲೆ' ಈ ಗುಣವನ್ನು ಎಂಟು ಸಂಪುಟಗಳಿಗೆ ವಿಸ್ತರಿಸಿತು. ಪತ್ರಿಕಾವೃತ್ತಿಯಲ್ಲಿ ಜೀವಿಸಿದ ಅವರಿಗೆ ಸರ್ಕಾರಿ ನಿವೃತ್ತಿಯ ದಿನವೆಂಬುದಿರಲಿಲ್ಲ. ಆದರೂ ಮುಪ್ಪಿನಲ್ಲಿ ಅವರು ಕೈಗೊಂಡುದು ಇತರರ ಚಿತ್ರಗಳನ್ನು. ದಿವಾನರಿಗೆ ಒಂದು ಸಂಪುಟವಾದರೆ, ಹೆಸರು ಹಬ್ಬದ ಹೃದಯಸಂಪನ್ನರಿಗೂ ಒಂದು ಸಂಪುಟ. ಈ ಚಿತ್ರಗಳಲ್ಲಿ ಪ್ರೀತಿ ಕೆಲವೊಮ್ಮೆ ಪರೀಕ್ಷೆಯನ್ನು ಮೀರುತ್ತದೆ, ದೋಷಗಳು ಮೆದುವಾಗುತ್ತವೆ ಎಂಬುದನ್ನು ಒಪ್ಪಬೇಕು. ಆದರೂ ಲೇಖಕನು ಬಾಗಿಲ ಬಳಿ ನಿಂತು ಬೇರೆಯವರನ್ನು ಒಳಗೆ ಕರೆಯುವ ಆ ಸ್ಥಾನ ನಮ್ಮ ಅನೇಕ ಆತ್ಮಕಥೆಗಳಿಗೆ ಪಾಠವಾಗಬೇಕು.

4

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಹಸ್ತಾಂತರದ ಅಳತೆ ಚರಿತ್ರೆ, ನಿಘಂಟು, ನೆನಪುಗಳಿಗೆ ಸಲ್ಲಬಹುದು. ಸೃಷ್ಟಿಶೀಲ ಸಾಹಿತ್ಯಕ್ಕೆ ಸಲ್ಲುವುದೆ? ಬೇಂದ್ರೆಯವರು ಸೋಲಾಪುರದ ಕಾಲೇಜಿನಿಂದ 1956ರಲ್ಲಿ ನಿವೃತ್ತರಾದರು. 'ನಾಕು ತಂತಿ' ಬಂದುದು 1964ರಲ್ಲಿ. ಆ ಕವಿತೆಗಳನ್ನು ಬಾಕಿಪಟ್ಟಿಯ ಲೆಕ್ಕದಲ್ಲಿ ಓದಹೊರಟರೆ ನಗೆಪಾಟಲಾದೀತು. ಭಾವಗೀತೆ ಯಾರಿಗೂ ಚಾರ್ಜು ಒಪ್ಪಿಸುವುದಿಲ್ಲ. ಈ ಅಳತೆಯ ಎಲ್ಲೆ ಅಲ್ಲಿಗೆ ಮುಗಿಯಿತೆಂದು ಒಪ್ಪಿಕೊಳ್ಳುವುದೇ ಸರಿ.

ಕಾದಂಬರಿಯ ವಿಷಯ ಹಾಗಲ್ಲ. ಮಾಸ್ತಿಯವರು ಮೈಸೂರು ಸರ್ಕಾರದ ಸೇವೆಯನ್ನು 1940ರ ದಶಕದ ಮೊದಲ ಭಾಗದಲ್ಲಿ ಬಿಟ್ಟರು. ತಮಗಿಂತ ಕಿರಿಯರೊಬ್ಬರಿಗೆ ಮೇಲಿನ ಸ್ಥಾನ ದೊರೆತುದು ಕಾರಣ. ಆಮೇಲೆ 1944ರಿಂದ 1965ರವರೆಗೆ 'ಜೀವನ' ಪತ್ರಿಕೆಯನ್ನು ಸಂಪಾದಿಸಿದರು. 'ಚಿಕವೀರ ರಾಜೇಂದ್ರ' 1956ರಲ್ಲಿ ಬಂದಿತು. 1834ರಲ್ಲಿ ಕೊಡಗಿನ ಕೊನೆಯ ಅರಸನನ್ನು ಇಂಗ್ಲಿಷರು ಪದಚ್ಯುತಗೊಳಿಸಿದುದು ಅದರ ವಸ್ತು. ಅರಸನ ದುರ್ವರ್ತನೆಯೇ ಕಣ್ಣಿಗೆ ಹೊಡೆಯುವುದರಿಂದ ಅನೇಕರು ಅದನ್ನು ಪತನದ ಕಥೆಯಾಗಿ ಓದಿದ್ದಾರೆ. ಆದರೆ ಕಾದಂಬರಿಯ ಭಾರವನ್ನು ಹೊತ್ತವರು ಬೋಪಣ್ಣ, ಲಕ್ಷ್ಮೀನಾರಾಯಣಯ್ಯ ಎಂಬ ಮಂತ್ರಿಗಳು. ಒಡೆಯನು ಕೆಟ್ಟಾಗ ಸೇವಕನ ನಿಷ್ಠೆ ಒಡೆಯನಿಗೋ ನಾಡಿಗೋ? ಎಷ್ಟು ದಿನ ಸಹಿಸಬೇಕು? ಬಿಟ್ಟುಹೋದರೆ ನಾಡಿನ ಗತಿಯೇನು, ಉಳಿದರೆ ಪಾಪದಲ್ಲಿ ಪಾಲೆಷ್ಟು? ಅಧಿಕಾರದ ಮೇಜಿನ ಈಚೆ ಬಹುಕಾಲ ಕುಳಿತಿದ್ದವನಿಗೆ ಈ ಪ್ರಶ್ನೆಗಳ ತೂಕ ಚೆನ್ನಾಗಿ ಗೊತ್ತಿರುತ್ತದೆ. ತನ್ನ ಸೇವೆಯ ಕಹಿಯನ್ನು ಹೇಳಿಕೊಳ್ಳುವ ಬದಲು ಸೇವಾಧರ್ಮದ ತೊಡಕನ್ನೇ ಒಂದು ನಾಡಿನ ಕಥೆಯಲ್ಲಿ ಹರಡಿ ತೋರಿಸಿದುದು ಆ ಕೃತಿಯ ಪಕ್ವತೆ. ಪ್ರಶ್ನೆಯನ್ನು ಬಿಡಿಸದೆ ಓದುಗನ ಕೈಗೆ ಕೊಡುವುದರಿಂದ ಅದೂ ಒಂದು ಬಗೆಯ ಬಾಕಿಪಟ್ಟಿಯೇ ಸರಿ.

5

ಹೊರನಾಡಿನ ಕನ್ನಡಿಗರಾದ ನಮಗೆ ಈ ಚರ್ಚೆ ಬರಿಯ ಸಾಹಿತ್ಯದ್ದಲ್ಲ. ನಮ್ಮ ಸಂಘಗಳ ಸ್ಮರಣ ಸಂಚಿಕೆಗಳನ್ನು ತೆರೆದು ನೋಡಿದರೆ ಅಧ್ಯಕ್ಷರ ಪಟ್ಟಿ, ಕಟ್ಟಡದ ಶಂಕುಸ್ಥಾಪನೆ, ಸನ್ಮಾನಗಳ ಚಿತ್ರ ಇವೇ ಹೆಚ್ಚು. ಹಿರಿಯ ಸದಸ್ಯರು ಬರೆಯುವ ನೆನಪುಗಳೂ ಬಹುಮಟ್ಟಿಗೆ ಈ ಜಾಡಿನವು. ಅವರು ಕಂಡ ಲೋಕವಾದರೋ ಬೇರೆಲ್ಲಿಯೂ ದಾಖಲಾಗಿಲ್ಲ.

ಒಂದೇ ಉದಾಹರಣೆ ಸಾಕು. ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕುಗಳು, ಅಂದರೆ 1906ರ ಕೆನರಾ ಮತ್ತು ಕಾರ್ಪೊರೇಷನ್, 1925ರ ಸಿಂಡಿಕೇಟ್, 1931ರ ವಿಜಯಾ, ಕನ್ನಡಿಗ ನೌಕರರನ್ನು ಭಾರತದ ನಗರಗಳಿಗೆಲ್ಲ ಕರೆತಂದುವು. ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ದಿನದಿನವೂ ಚಿಲ್ಲರೆ ಹಣ ಕೂಡಿಸುವ ಸಿಂಡಿಕೇಟಿನ ಪಿಗ್ಮಿ ಯೋಜನೆ 1928ರದು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನಲ್ಲಿ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟು ಕೆನರಾದಲ್ಲಿ, ಕಾರ್ಪೊರೇಷನ್ನು ಯೂನಿಯನ್ ಬ್ಯಾಂಕಿನಲ್ಲಿ ಸೇರಿದುವು. ಆಸ್ತಿ, ಸಾಲ, ನೌಕರವರ್ಗ ಎಲ್ಲವೂ ವಿಧಿಪೂರ್ವಕವಾಗಿ ಹಸ್ತಾಂತರವಾದುವು. ಆದರೆ ಮರಾಠಿ ವ್ಯಾಪಾರಿಯೊಡನೆ, ತೆಲುಗು ರೈತನೊಡನೆ ಊರು ಬಿಟ್ಟು ಬಂದ ಕನ್ನಡಿಗ ಗುಮಾಸ್ತನು ಯಾವ ಮಾತಿನಲ್ಲಿ ವ್ಯವಹರಿಸಿದನು, ಅಡವಿಲ್ಲದವನನ್ನು ಏನು ನೋಡಿ ನಂಬಿದನು, ಎಲ್ಲಿ ಮೋಸಹೋದನು ಎಂಬ ತಿಳಿವಳಿಕೆಗೆ ಯಾವ ಆಜ್ಞೆಯೂ ಚಾರ್ಜು ಪಟ್ಟಿ ಮಾಡಿಸಲಿಲ್ಲ. ಅದು ಇಂದು ನಿವೃತ್ತರ ಸ್ಮೃತಿಯಲ್ಲಿ ಮಾತ್ರ ಉಳಿದಿದೆ. ಹೋಟೆಲು ಕೆಲಸ ಮಾಡುತ್ತ ರಾತ್ರಿಶಾಲೆಯಲ್ಲಿ ಓದಿದವರು, ಕನ್ನಡ ಶಾಲೆಗಳಲ್ಲಿ ಕಲಿಸಿ ಅವು ಬರಿದಾಗುವುದನ್ನು ಕಂಡವರು, ಪರಭಾಷೆಯ ನೆರೆಯಲ್ಲಿ ಮಕ್ಕಳಿಗೆ ಕನ್ನಡ ಉಳಿಸಲು ಹೆಣಗಿದ ಗೃಹಿಣಿಯರು ಇವರ ವಿಷಯವೂ ಇಷ್ಟೇ. ಗೃಹಿಣಿಯರಿಗಂತೂ ನಿವೃತ್ತಿಯ ದಿನವೇ ಇಲ್ಲ.

ಇವರೆಲ್ಲರೂ ನರಸಿಂಹಾಚಾರ್ಯರಾಗಬೇಕಿಲ್ಲ. ಅವರ ರೀತಿಯನ್ನು ಅನುಸರಿಸಿದರೆ ಸಾಕು: ಕಂಡುದನ್ನು ಕಾಲಸ್ಥಳಗಳೊಡನೆ ಬರೆಯುವುದು, ಮೊದಲು ಹೇಳಿದುದರಲ್ಲಿ ತಪ್ಪಿದ್ದರೆ ತಿದ್ದುವುದು, ನಡೆಯದೆ ಉಳಿದುದನ್ನು ಮುಚ್ಚದೆ ತಿಳಿಸುವುದು. ವಿಮರ್ಶಕರ ಕಡೆಯಿಂದ ಆಗಬೇಕಾದ ಕೆಲಸವೂ ಇದೆ. ಅಂಥ ಬರಹ ಬಂದಾಗ ಲೇಖಕರ ವಯಸ್ಸಿಗೆ ಕೈಮುಗಿದು ಪುಸ್ತಕವನ್ನು ಕಪಾಟಿಗೆ ಸೇರಿಸದೆ, ಅದರ ಲೆಕ್ಕವನ್ನು ತಾಳೆನೋಡಬೇಕು. ಸಂದೇಹವಿದ್ದಲ್ಲಿ ಅವರನ್ನೇ ಕೇಳಬೇಕು. ಕೇಳಲು ಅವರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.