ಹೆಲ್ಮೆಟ್ ಮೇಲಿನ ರೆಕ್ಕೆ, ಎಲೆ, ಬಂಗಾರ

ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಹೆಲ್ಮೆಟ್ಟಿನ ಹಣೆಯ ಮೇಲೊಂದು ಹಳದಿ ರೆಕ್ಕೆ, ಅಲ್ಲಿಂದ ನೆತ್ತಿ ದಾಟಿ ಹಿಂದಕ್ಕೆ ಮೂರು ಪಟ್ಟೆ. ಯಾವ ಕಲಾವಿದನೂ ಕೂತು ಕಲ್ಪಿಸಿದ ಚಿತ್ರವಲ್ಲ ಇದು. 1930ರ ದಶಕದ ಚರ್ಮದ ಹೆಲ್ಮೆಟ್‌ಗಳಲ್ಲಿ ಏಟು ತಡೆಯಲೆಂದು ಹಣೆಗೊಂದು ದಪ್ಪ ತುಂಡನ್ನೂ ನೆತ್ತಿಗೆ ಪಟ್ಟಿಗಳನ್ನೂ ಹೊಲಿಯುತ್ತಿದ್ದರು. ಪ್ರಿನ್ಸ್‌ಟನ್‌ನಿಂದ 1938ರಲ್ಲಿ ಮಿಷಿಗನ್‌ಗೆ ಬಂದ ಕೋಚ್ ಫ್ರಿಟ್ಜ್ ಕ್ರಿಸ್ಲರ್ ಆ ಹೊಲಿಗೆಯ ಜಾಡನ್ನೇ ಹಿಡಿದು ಹಳದಿ, ನೀಲಿ ಬಣ್ಣ ಹೊಡೆಸಿದರು. ಚೆಂಡು ಎಸೆಯುವವನಿಗೆ ದೂರದಲ್ಲಿ ಓಡುತ್ತಿರುವ ತನ್ನ ತಂಡದವನು ಥಟ್ಟನೆ ಗುರುತು ಸಿಗಲಿ ಎಂಬುದು ಅವರ ಲೆಕ್ಕಾಚಾರ. ಮುಂದೆ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಬಂತು, ಹೊಲಿಗೆ ಮಾಯವಾಯಿತು, ಬಣ್ಣ ಮಾತ್ರ ಉಳಿಯಿತು.

ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಹೆಲ್ಮೆಟ್ ಅಲಂಕಾರಗಳಲ್ಲಿ ಕಾಲಕ್ಕೆ ತಾಳಿಕೊಂಡವು ಬಹುಪಾಲು ಹೀಗೆ ಆಟದ ಕೆಲಸದ ನಡುವೆಯೇ ಹುಟ್ಟಿದವು.

ಒಹಾಯೊ ಸ್ಟೇಟ್‌ನ ಎಲೆಯೂ ಹಾಗೆಯೇ. 1968ರಲ್ಲಿ ಕೋಚ್ ವುಡಿ ಹೇಯ್ಸ್ ಚೆನ್ನಾಗಿ ಆಡಿದವರ ಹೆಲ್ಮೆಟ್ಟಿಗೆ ಬಕೈ ಮರದ ಎಲೆಯ ಸ್ಟಿಕ್ಕರ್ ಅಂಟಿಸುವ ರೂಢಿ ತಂದರು. ಚಿತ್ರ ಬರೆದವರು ಅಲ್ಲಿನ ಹಳೆಯ ವಿದ್ಯಾರ್ಥಿ, ಕಾಮಿಕ್ಸ್ ಕಲಾವಿದ ಮಿಲ್ಟನ್ ಕ್ಯಾನಿಫ್. ಆ ವರ್ಷ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಇನ್ನು ಸ್ಟಿಕ್ಕರ್ ಕೀಳುವ ಮಾತೆಲ್ಲಿ! ಜಾರ್ಜಿಯಾದವರು ನಾಯಿಮೂಳೆ ಅಂಟಿಸಿದರು, ಫ್ಲೋರಿಡಾ ಸ್ಟೇಟ್‌ನವರು ಕೈಗೊಡಲಿ. ಸೀಸನ್ನಿನ ಆರಂಭದಲ್ಲಿ ಬೋಳಾಗಿರುವ ಒಹಾಯೊ ಸ್ಟೇಟ್‌ನ ಬೂದು ಹೆಲ್ಮೆಟ್ ನವೆಂಬರ್ ಹೊತ್ತಿಗೆ ಎಲೆಗಳಿಂದ ತುಂಬಿಹೋಗುತ್ತದೆ. ನೋಡಲು ಸೊಗಸೇ. ಆದರೆ 11 ಮಂದಿ ಕೂಡಿ ಆಡುವ ಆಟದಲ್ಲಿ ಎಲೆ ಯಾರ ಪಾಲಿಗೆ? ಚೆಂಡು ಹಿಡಿದು ಓಡಿದವನು ಎಲ್ಲರ ಕಣ್ಣಿಗೂ ಬೀಳುತ್ತಾನೆ. ಎದುರಾಳಿಗಳನ್ನು ಮೈಯೊಡ್ಡಿ ತಡೆದು ಅವನಿಗೆ ದಾರಿ ಬಿಡಿಸಿದ ಲೈನ್‌ಮನ್ ಬೀಳುವುದಿಲ್ಲ. 2001ರಲ್ಲಿ ಬಂದ ಕೋಚ್ ಜಿಮ್ ಟ್ರೆಸೆಲ್ ತಂಡದ ಒಟ್ಟು ಸಾಧನೆಗೂ ಎಲೆ ಕೊಡತೊಡಗಿದ್ದು ಈ ಪದ್ಧತಿಗೆ ಬೇಕಿದ್ದ ತಿದ್ದುಪಡಿ.

ನೋಟರ್ ಡೇಮ್ ವಿಶ್ವವಿದ್ಯಾಲಯದ ಹೆಲ್ಮೆಟ್ಟಿನಲ್ಲಿ ಚಿಹ್ನೆಯೇ ಇಲ್ಲ. ಕ್ಯಾಂಪಸ್ಸಿನ ಚಿನ್ನದ ಗುಮ್ಮಟವನ್ನು ನೆನಪಿಸುವ ಬಣ್ಣವಷ್ಟೇ ಅದರ ಗುರುತು. ಆ ಬಣ್ಣದಲ್ಲಿ ನಿಜವಾದ ಚಿನ್ನದ ಪುಡಿ ಬೆರೆಸುತ್ತಿದ್ದರು. ಆಟವಾಡದ, ತಂಡದ ಚಾಕರಿ ನೋಡಿಕೊಳ್ಳುವ ವಿದ್ಯಾರ್ಥಿ ಮ್ಯಾನೇಜರ್‌ಗಳು ಪಂದ್ಯಕ್ಕೆ ಮುನ್ನ ಹೆಲ್ಮೆಟ್‌ಗಳನ್ನು ಸಾಲಾಗಿಟ್ಟು ಹಳೆಯ ಗೀರುಗಳ ಮೇಲೆ ಹೊಸದಾಗಿ ಬಣ್ಣ ಹೊಡೆಯುತ್ತಿದ್ದರು. 2011ರಲ್ಲಿ ಆ ಕೆಲಸ ಹೊರಗಿನ ಕಂಪನಿಗೆ ಹೋಯಿತು. ಹೆಲ್ಮೆಟ್ಟಿನ ಹೊಳಪೇನೋ ಹೆಚ್ಚಿತು. ಆದರೆ ಮೈದಾನಕ್ಕಿಳಿಯದ ಹುಡುಗರಿಗೆ ತಂಡದಲ್ಲಿದ್ದ ಒಂದು ಪಾಲು ಕೈತಪ್ಪಿತು. ಈ ವಿನಿಮಯ ಲಾಭದ್ದು ಎನ್ನುವುದು ಕಷ್ಟ.

ಅದೇ ಹೊತ್ತಿಗೆ ಉಡುಪಿನ ಕಂಪನಿಗಳ ಭರಾಟೆ ಶುರುವಾಗಿತ್ತು. ಅಂಡರ್ ಆರ್ಮರ್ 2011ರಲ್ಲಿ ಮೇರಿಲ್ಯಾಂಡ್ ತಂಡದ ತಲೆಗೆ ರಾಜ್ಯಧ್ವಜವನ್ನೇ ಹೊದಿಸಿತು. 2012ರ ರೋಸ್ ಬೌಲ್ ಪಂದ್ಯದಲ್ಲಿ ಆರೆಗನ್ ತಂಡ ನೈಕಿ ಕೊಟ್ಟ ಕನ್ನಡಿಯಂಥ ಹೆಲ್ಮೆಟ್ ತೊಟ್ಟು ವಿಸ್ಕಾನ್ಸಿನ್ ವಿರುದ್ಧ 45-38ರಿಂದ ಗೆದ್ದಿತು. ಪ್ರೌಢಶಾಲೆಯ ಪ್ರತಿಭಾವಂತ ಆಟಗಾರರನ್ನು ಸೆಳೆಯಲು ಇಂಥ ಥಳುಕು ನೆರವಾಗುತ್ತದೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ವಾರಕ್ಕೊಂದು ವೇಷವಾದರೆ ಅಭಿಮಾನಿ ಯಾವುದನ್ನು ತನ್ನದೆನ್ನಬೇಕು?

ಕಂಪನಿಗಳಿಂದ ಒಳ್ಳೆಯದು ಬಂದೇ ಇಲ್ಲವೆಂದಲ್ಲ. 2015ರಲ್ಲಿ ಸೇನಾ ಅಕಾಡೆಮಿಯ ವಿರುದ್ಧ ಆಡಲು ನೌಕಾ ಅಕಾಡೆಮಿಯ ತಂಡ ಇದೇ ಅಂಡರ್ ಆರ್ಮರ್ ಉಡುಪಿನಲ್ಲಿ ಬಂದಾಗ, ಹೆಲ್ಮೆಟ್‌ಗಳ ಮೇಲೆ ಕೈಯಿಂದ ಬರೆದ ಯುದ್ಧನೌಕೆಗಳಿದ್ದವು. ಆಟಗಾರನ ಸ್ಥಾನಕ್ಕೆ ತಕ್ಕ ಹಡಗು. ನಾಳೆ ಸಮುದ್ರಕ್ಕೆ ಹೊರಡಬೇಕಾದವರ ತಲೆಯ ಮೇಲೆ ಆ ಚಿತ್ರಕ್ಕೆ ಅರ್ಥವಿತ್ತು. ತಂಡ 21-17ರಿಂದ ಗೆದ್ದಿತು. ಆದರೂ ಮರುವರ್ಷದ ಪಂದ್ಯಕ್ಕೆ ಆ ಹಡಗುಗಳಿರಲಿಲ್ಲ. 1963ರ ತಂಡದ ಮಾದರಿಯ ಉಡುಪು ಬಂದಿತ್ತು.