ನಿಂಜಾ ಗೈಡೆನ್: ಕತ್ತಿಯಂಚಿನ ಆಟ

‘ನಿಂಜಾ ಗೈಡೆನ್’ ಜಪಾನಿನ ಟೆಕ್ಮೋ ಸಂಸ್ಥೆಯ ಸಾಹಸದ ವಿಡಿಯೋ ಗೇಮ್. ನಿಂಟೆಂಡೊ ಕಂಪನಿಯ ಎಂಟು ಬಿಟ್ ಯಂತ್ರಕ್ಕಾಗಿ 1988ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾಗಿ, ಮರುವರ್ಷ ಅಮೆರಿಕ ತಲುಪಿತು. ದ್ವಂದ್ವಯುದ್ಧಕ್ಕೆ ಹೋಗಿ ಮರಳದ ತಂದೆಯ ಪತ್ರ ಓದಿ, ಮನೆತನದ ಕತ್ತಿ ಹಿಡಿದು ಅಮೆರಿಕಕ್ಕೆ ಹೊರಡುವ ರ್ಯೂ ಹಯಬುಸ ಇದರ ನಾಯಕ. ಆರು ಅಂಕಗಳ ನಡುನಡುವೆ ಸಿನಿಮಾದಂತೆ ಮೂಡುವ ಚಿತ್ರದೃಶ್ಯಗಳು ಕಥೆ ಹೇಳುತ್ತವೆ. ಆ ಕಾಲಕ್ಕೆ ಅದು ದೊಡ್ಡ ಹೊಸತನ.

ಆಟದ ನಿಜವಾದ ಸೊಗಸು ಚಲನೆಯಲ್ಲಿದೆ. ಗುಂಡಿ ಒತ್ತಿದೊಡನೆ ಕತ್ತಿ ಬೀಸುತ್ತದೆ. ಜಿಗಿದ ರ್ಯೂ ಗೋಡೆಗೆ ಅಂಟಿಕೊಂಡು, ಅಲ್ಲಿಂದ ಎದುರು ಗೋಡೆಗೆ ಹಾರುತ್ತಾನೆ. ಕೈಗೂ ಪರದೆಗೂ ನಡುವೆ ತಡವೇ ಇಲ್ಲ. ಆದರೆ ಪೆಟ್ಟು ಬಿದ್ದರೆ ಅವನು ಹಿಂದಕ್ಕೆ ಎಸೆಯಲ್ಪಡುತ್ತಾನೆ, ಹಿಂದೆ ಕಂದಕವಿದ್ದರೆ ಜೀವ ಹೋದಂತೆಯೇ. ಪ್ರಪಾತದ ಅಂಚಿನಲ್ಲಿ ಎರಗುವ ಹಕ್ಕಿಗಳು ಇದಕ್ಕೇ ಕುಖ್ಯಾತ. ಕೊಂದ ಶತ್ರುವೂ, ಆಟಗಾರ ಒಂದೆರಡು ಹೆಜ್ಜೆ ಹಿಂದೆ ಸರಿದು ಮುಂದೆ ಬಂದರೆ, ಮತ್ತೆ ಅದೇ ಜಾಗದಲ್ಲಿ ಹುಟ್ಟುತ್ತಾನೆ. ಹಾಗಾಗಿ ಹಿಂಜರಿಕೆಗಿಂತ ಓಟವೇ ಇಲ್ಲಿ ಸುರಕ್ಷಿತ. ಶತ್ರುಗಳ ಜಾಗ ಕಂಠಪಾಠವಾದ ಮೇಲೆ ಇಡೀ ಹಂತವನ್ನು ನಿಲ್ಲದೆ ಒಂದೇ ಲಯದಲ್ಲಿ ದಾಟಬಹುದು. ಆ ಓಟದ ಸುಖಕ್ಕೆ ಸಾಟಿಯಿಲ್ಲ.

ಕೊನೆಯ ಅಂಕ ಮಾತ್ರ ಮಿತಿಮೀರಿದ ಕಠೋರತೆ. ಅಂತಿಮ ಖಳರೆದುರು ಪ್ರಾಣ ಬಿಟ್ಟವನನ್ನು ಆಟ ಆರನೆಯ ಅಂಕದ ಮೊದಲಿಗೇ ತಳ್ಳುತ್ತದೆ. ಆದರೂ ಸೋತ ಮೇಲೆ ಮುಂದುವರಿಯಲು ಎಷ್ಟು ಬಾರಿಯಾದರೂ ಅವಕಾಶವುಂಟು.