ಬ್ಲೇಡು ಕಾಣುತ್ತದೆ, ಸಂದು ಕಾಣುವುದಿಲ್ಲ

ಚಾಮರಾಜಪೇಟೆಯಲ್ಲಿ ಬೆಳೆದವರಿಗೆ ಎಂಜಿನ್‌ಗೆ ವಯಸ್ಸಾಗುವುದು ಹೊಸ ಸಂಗತಿಯಲ್ಲ. ಪಕ್ಕದ ಕಲಾಸಿಪಾಳ್ಯದಲ್ಲಿ ಲಾರಿ ಬಿಡುವ ಹೊಗೆಯ ಬಣ್ಣ ನೋಡಿಯೇ ‘ರಿಂಗ್ ಹೋಗಿದೆ, ಬೋರ್ ಮಾಡಿಸ್ಬೇಕು’ ಎನ್ನುವ ಮೆಕ್ಯಾನಿಕ್‌ಗಳನ್ನು ಕಂಡೇ ನಾವು ದೊಡ್ಡವರಾದೆವು. ಪಿಕಪ್ ಬಿದ್ದರೆ ವಯಸ್ಸಾಯಿತೆಂದೇ ಲೆಕ್ಕ. ಹಳೆ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೆ ನಾನು ಹೋದದ್ದೂ ಇದೇ ಕಣ್ಣು ಹೊತ್ತು.

2001ರಲ್ಲಿ ತೆರೆದ ಈ ಮ್ಯೂಸಿಯಂನಲ್ಲಿ ಸೀಳಿ ನಿಲ್ಲಿಸಿದ ವಿಮಾನ ಎಂಜಿನ್‌ಗಳಿವೆ. ಮೋಟರ್ ಹಾಕಿದರೆ ಒಳಗಿನ ಚಕ್ರಗಳು ನಿಧಾನಕ್ಕೆ ತಿರುಗುತ್ತವೆ. ಜೆಟ್ ಎಂಜಿನ್ ಕೆಲಸ ಮಾಡುವ ಬಗೆಯನ್ನು ಶಾಲೆಯ ಮಗುವಿಗೆ ಅರ್ಥಮಾಡಿಸಲು ಇದಕ್ಕಿಂತ ಒಳ್ಳೆಯ ಸಾಧನ ನಮ್ಮ ಊರಿನಲ್ಲಿ ಇರಲಾರದು. ಗಾಳಿ ಒಳಗೆ ಬಂದು, ಒತ್ತಿಸಿಕೊಂಡು, ಉರಿದು, ಟರ್ಬೈನ್ ತಿರುಗಿಸಿ ಹೊರಹೋಗುವ ದಾರಿ ಒಂದೇ ನೋಟಕ್ಕೆ ಸಿಗುತ್ತದೆ. ಬೆಂಗಳೂರಿನಲ್ಲಿ 1957ರಲ್ಲಿ ಎಚ್‌ಎಎಲ್‌ನ ಎಂಜಿನ್ ವಿಭಾಗ ಹುಟ್ಟಿದ್ದೇ ಆರ್ಫಿಯಸ್ ಎಂಬ ಜೆಟ್ ಎಂಜಿನ್ ತಯಾರಿಸಲು. ನ್ಯಾಟ್ ಯುದ್ಧವಿಮಾನಕ್ಕೆ ಒಂದು, ಮಾರುತ್‌ಗೆ ಎರಡು. ಏಳು ಸಾಲು ಕಂಪ್ರೆಸರ್, ಒಂದೇ ಸಾಲು ಟರ್ಬೈನ್. ಎಷ್ಟು ಸರಳ, ಎಷ್ಟು ಚೆಂದದ ಯಂತ್ರ!

ನನ್ನ ತಕರಾರು ಈ ಮ್ಯೂಸಿಯಂ ಮೇಲಲ್ಲ, ಸೀಳಿ ತೋರಿಸುವ ಪದ್ಧತಿಯ ಮೇಲೆ. ಎಂಜಿನ್ ಸೀಳುವಾಗ ಮೊದಲು ಹೋಗುವುದು ಹೊರಗಿನ ಕವಚ. ಎಂಜಿನ್ನಿನ ವಯಸ್ಸು ಬಹುಮಟ್ಟಿಗೆ ಅಡಗಿರುವುದು ಆ ಕವಚಕ್ಕೂ ಬ್ಲೇಡಿನ ತುದಿಗೂ ನಡುವಿನ ಸಂದಿನಲ್ಲಿ. ಸಂದು ಹಿಗ್ಗಿದರೆ ಗಾಳಿ ಕೆಲಸ ಮಾಡದೆ ಬ್ಲೇಡಿನ ತಲೆಯ ಮೇಲಿಂದ ಜಾರಿಹೋಗುತ್ತದೆ. ದೊಡ್ಡ ಎಂಜಿನ್‌ಗಳ ಟರ್ಬೈನ್‌ನಲ್ಲಿ ಈ ಸಂದು ಕಾಲು ಮಿಲಿಮೀಟರ್ ಹೆಚ್ಚಾದರೆ ಸಾಕು, ಹೊರಬರುವ ಅನಿಲದ ಶಾಖ ಸುಮಾರು 10 ಡಿಗ್ರಿ ಏರುತ್ತದೆ, ಇಂಧನ ಶೇ. 1ರಷ್ಟು ಹೆಚ್ಚು ಬೇಕಾಗುತ್ತದೆ. ಕಾಲು ಮಿಲಿಮೀಟರ್ ಎಂದರೆ ಎರಡು ಮೂರು ಹಾಳೆ ಕಾಗದದ ದಪ್ಪ.

ಲಾರಿಯಂತೆ ಜೆಟ್ ತನ್ನ ವಯಸ್ಸನ್ನು ಹೇಳಿಕೊಳ್ಳುವುದೂ ಇಲ್ಲ. ಸವೆದ ಎಂಜಿನ್‌ಗೆ ಕಂಪ್ಯೂಟರ್ ಇಂಧನ ಜಾಸ್ತಿ ಸುರಿದು ಅದೇ ನೂಕುಬಲ ಕೊಡಿಸುತ್ತದೆ. ಸೀಟಿನಲ್ಲಿ ಕೂತವರಿಗೆ ವ್ಯತ್ಯಾಸವೇ ತಿಳಿಯದು. ಏರುವುದು ಶಾಖ ಮಾತ್ರ. ಅದಕ್ಕೊಂದು ಮಿತಿಯಿದೆ. ಟೇಕಾಫ್ ಹೊತ್ತಿನ ಶಾಖಕ್ಕೂ ಆ ಮಿತಿಗೂ ನಡುವೆ ಉಳಿದಿರುವ ಡಿಗ್ರಿಗಳೇ ಎಂಜಿನ್ನಿನ ಉಳಿದ ಆಯುಸ್ಸಿನ ಒಂದು ಮುಖ್ಯ ಅಳತೆ. ಅವು ಮುಗಿದರೆ ರೆಕ್ಕೆಯಿಂದ ಇಳಿಸಲೇಬೇಕು. ಮಧ್ಯೆ ಮಧ್ಯೆ ಎಂಜಿನ್ ತೊಳೆಯುತ್ತಾರೆ. ಉರಿಸದೆ ಸ್ಟಾರ್ಟರ್‌ನಿಂದ ತಿರುಗಿಸುತ್ತಾ ನೀರು ಹಾಯಿಸಿದರೆ ಬ್ಲೇಡಿಗೆ ಮೆತ್ತಿದ ಕೊಳೆ ಹೋಗಿ ಕೆಲವು ಡಿಗ್ರಿ ವಾಪಸ್ ಸಿಗುತ್ತವೆ. ಧೂಳು ಉಜ್ಜಿ ಸವೆಸಿದ ಅಂಚು ಮಾತ್ರ ಯಾವ ಸ್ನಾನಕ್ಕೂ ಮರಳಿ ಬರುವುದಿಲ್ಲ.

ಇದನ್ನೆಲ್ಲ ಜನ ಕೂತು ಅಳೆದದ್ದು ತೈಲದ ಬೆಲೆ ಕೈ ಸುಟ್ಟಮೇಲೆ. 1976ರಲ್ಲಿ ಶುರುವಾದ ನಾಸಾದ ಕಾರ್ಯಕ್ರಮವೊಂದು ಜೆಟಿ9ಡಿ ಎಂಜಿನ್ ಹೇಗೆ ಸೊರಗುತ್ತದೆಂದು ಹುಡುಕಿತು. 1971ರಿಂದ ಏರ್ ಇಂಡಿಯಾ ಹಾರಿಸಿದ ಮೊದಲ 747 ವಿಮಾನಗಳಿಗೆ ಇದ್ದದ್ದು ಅದೇ ಎಂಜಿನ್. ಸಿಕ್ಕ ಉತ್ತರ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ: ಎಂಜಿನ್ ಅತಿ ಬೇಗ ಸವೆಯುವುದು ಮೊದಲ ಕೆಲವು ಹಾರಾಟಗಳಲ್ಲೇ. ಹಾರುವಾಗ ಬೀಳುವ ಭಾರಕ್ಕೆ ಕವಚ ತುಸು ಬಾಗುತ್ತದೆ, ಬ್ಲೇಡು ಅದನ್ನು ಕೆರೆಯುತ್ತದೆ, ಸಂದು ಹಿಗ್ಗುತ್ತದೆ. ಆಮೇಲಿನದು ವರ್ಷಗಟ್ಟಲೆಯ ನಿಧಾನದ ಸವೆತ.

ನಮ್ಮ ಬೀದಿಯ ಹಿರಿಯರೊಬ್ಬರು ಎಂಜಿನ್ ಶಾಪ್‌ನಲ್ಲಿ ದುಡಿದು ನಿವೃತ್ತರಾದವರು. ‘ನೋಡಪ್ಪಾ, ಅಂಚನ್ನ ಉಗುರಲ್ಲಿ ಸವರಿ ನೋಡ್ತಿದ್ವಿ. ಕಣ್ಣಿಗೆ ತಪ್ಪಿದ್ದು ಉಗುರಿಗೆ ಸಿಗ್ತಿತ್ತು’ ಎಂದು ಬಲಗೈ ಹೆಬ್ಬೆರಳನ್ನು ಕಾಫಿ ಲೋಟದ ಬಾಯಿಯ ಸುತ್ತ ಆಡಿಸಿ ತೋರಿಸಿದರು. ಆ ಬೆರಳಿನ ಜ್ಞಾನ ಸೀಳಿದ ಎಂಜಿನ್ನಿನಲ್ಲಿ ಇಲ್ಲ.

ಅದನ್ನು ತರುವುದು ಕಷ್ಟವೂ ಅಲ್ಲ. ಸೀಳಿದ ಎಂಜಿನ್ ಪಕ್ಕದಲ್ಲಿ ಒಂದು ಮೇಜು. ಅದರ ಮೇಲೆ ಕವಚದ ಒಂದು ಇಡೀ ಬಳೆ, ಒಳಗೆ ಒಂದು ಹೊಸ ಬ್ಲೇಡು, ಸಾವಿರಾರು ಗಂಟೆ ಹಾರಿ ಬಂದ ಇನ್ನೊಂದು. ಸಂದು ಅಳೆಯಲು ದಾರ ಕಟ್ಟಿದ ಒಂದು ಫೀಲರ್ ಗೇಜ್. ಎರಡು ಸಂದುಗಳಲ್ಲೂ ಅದನ್ನು ತೂರಿಸಿ ನೋಡಲು ಮಕ್ಕಳಿಗೆ ಬಿಡಬೇಕು.